ಹಳದಿ, ಬಿಳಿ, ನೀಲಿ: ಕಾರಿನ ಹೆಡ್‌ಲೈಟ್‌ಗೆ ಬಣ್ಣ ಆರಿಸುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಹೆಡ್‌ಲೈಟ್ ಬಲ್ಬ್ ಕೇಳಿದರೆ ಕೌಂಟರ್ ಮೇಲೆ ಪೆಟ್ಟಿಗೆಗಳ ಸಾಲೇ ಬಂದು ಕೂರುತ್ತದೆ. 3000 ಕೆಲ್ವಿನ್, 4300, 6000, 8000. ಹಳದಿ, ಹಾಲುಬಿಳಿ, ನೀಲಿ ಬಿಳಿ. ಸ್ವಿಚ್ ಒತ್ತಿದಂತೆಲ್ಲ ಮೂರು ಬಣ್ಣ ಬದಲಿಸುವಂಥವು. ಅಂಗಡಿಯವರು ಅಲ್ಲೇ ಬ್ಯಾಟರಿಗೆ ಜೋಡಿಸಿ ಹಚ್ಚಿ ತೋರಿಸುತ್ತಾರೆ. ಎದುರಿನ ಗೋಡೆಯ ಮೇಲೆ ಎಲ್ಲ ಬಲ್ಬ್‌ಗಳ ಬೆಳಕೂ ಚೆಂದವೇ ಕಾಣುತ್ತದೆ. ಆದರೆ ಆ ಗೋಡೆ ಇರುವುದು ಎರಡು ಮೂರು ಅಡಿ ದೂರದಲ್ಲಿ. ನಿಮಗೆ ಬೆಳಕು ಬೇಕಾಗಿರುವುದು ಅರವತ್ತು ಎಪ್ಪತ್ತು ಮೀಟರ್ ಆಚೆಗೆ, ಮಳೆಯಲ್ಲಿ, ಎದುರಿನಿಂದ ಲಾರಿ ಬರುತ್ತಿರುವಾಗ.

ಹ್ಯಾಲೊಜನ್ ಬಲ್ಬ್‌ನೊಂದಿಗೆ ಶೋರೂಮಿನಿಂದ ಹೊರಬಂದ ಕಾರುಗಳ ಮಾಲೀಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲೇ ಎಲ್‌ಇಡಿ ಹೆಡ್‌ಲೈಟ್ ಅಳವಡಿಸಿಕೊಂಡು ಬಂದ ಕಾರು ನಿಮ್ಮದಾದರೆ ಅದನ್ನು ಮುಟ್ಟಲೇಬೇಡಿ. ಉಳಿದವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣವನ್ನು ಕೊನೆಗೆ ಆರಿಸಿ. ಬೆಳಕು ಎಲ್ಲಿ ಬೀಳುತ್ತದೆ ಎಂಬುದು ಮೊದಲ ಪ್ರಶ್ನೆ, ಎಷ್ಟು ಬೀಳುತ್ತದೆ ಎಂಬುದು ಎರಡನೆಯದು.

ಕೆಲ್ವಿನ್ ಮತ್ತು ಲ್ಯೂಮೆನ್

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವ ಕೆಲ್ವಿನ್ ಸಂಖ್ಯೆ ಬೆಳಕಿನ ಛಾಯೆಯನ್ನಷ್ಟೇ ಹೇಳುತ್ತದೆ. ಸಾಮಾನ್ಯ ಹ್ಯಾಲೊಜನ್ ಸುಮಾರು 3200 ಕೆಲ್ವಿನ್. ತುಸು ಹಳದಿ ಬೆರೆತ ಬಿಳಿ. ಕಾರ್ಖಾನೆಯಿಂದಲೇ ಬರುವ ಝೆನಾನ್ ದೀಪ (ತಂತಿಯ ಬದಲು ಅನಿಲದಲ್ಲಿ ವಿದ್ಯುತ್ ಹಾಯಿಸಿ ಬೆಳಗುವಂಥದ್ದು) 4300ರ ಆಸುಪಾಸು. ನಡುಹಗಲಿನ ಬಿಸಿಲು 5500. ಆರು ಸಾವಿರ ದಾಟಿದರೆ ನೀಲಿ ಇಣುಕುತ್ತದೆ, ಎಂಟು ಸಾವಿರಕ್ಕೆ ಎದ್ದು ಕಾಣುತ್ತದೆ, ಹತ್ತು ಸಾವಿರಕ್ಕೆ ನೇರಳೆಯ ಕಡೆ ವಾಲುತ್ತದೆ. ಸಂಖ್ಯೆ ಏರಿದಂತೆ ಬೆಳಕೂ ಏರುತ್ತದೆ ಎಂದು ನಂಬಿ ಹಣ ಕೊಡುವವರು ಬಹಳ ಮಂದಿ. ಝೆನಾನ್ ಕಿಟ್‌ಗಳಲ್ಲಿ ಆಗುವುದು ಇದರ ತಿರುಗುಮುರುಗು: 4300ರಿಂದ 8000ಕ್ಕೆ ಹೋದರೆ ಅಷ್ಟೇ ವಿದ್ಯುತ್ತಿಗೆ ಸಿಗುವ ಬೆಳಕು ಕಡಿಮೆಯಾಗುತ್ತದೆ.

ಬೆಳಕಿನ ಪ್ರಮಾಣ ಅಳೆಯುವುದು ಲ್ಯೂಮೆನ್‌ನಲ್ಲಿ. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿರುವ ಎಚ್4 ಬಲ್ಬ್ 60/55 ವ್ಯಾಟ್‌ನದು. ಅದರ ಮಾನಕ ಬೆಳಕು ದೂರಕ್ಕೆ ಬೀರುವ ಹೈ ಬೀಮ್‌ನಲ್ಲಿ 1650 ಲ್ಯೂಮೆನ್, ಕೆಳಮುಖವಾದ ಲೋ ಬೀಮ್‌ನಲ್ಲಿ 1000. ಲೋ ಬೀಮ್‌ಗೇ ಪ್ರತ್ಯೇಕ ಎಚ್7 ಬಲ್ಬ್ ಇರುವ ಕಾರುಗಳಲ್ಲಿ 55 ವ್ಯಾಟ್‌ಗೆ 1500 ಲ್ಯೂಮೆನ್. ಈ ಅಂಕಿಗಳನ್ನು ನೆನಪಿಟ್ಟುಕೊಂಡು ಎಲ್‌ಇಡಿ ಪೆಟ್ಟಿಗೆಯ ಮೇಲೆ ಬರೆದಿರುವ ‘20,000 ಲ್ಯೂಮೆನ್’ ಅನ್ನು ಓದಿ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಕೊಡುವುದು ಸುಮಾರು ನೂರು, ಹೆಚ್ಚೆಂದರೆ ನೂರೈವತ್ತು ಲ್ಯೂಮೆನ್. ಇಪ್ಪತ್ತೈದು ವ್ಯಾಟ್ ಎಳೆಯುವ ಬಲ್ಬ್ ಇಪ್ಪತ್ತು ಸಾವಿರ ಲ್ಯೂಮೆನ್ ಕೊಡುವುದು ಸಾಧ್ಯವೇ ಇಲ್ಲ. ಪೆಟ್ಟಿಗೆಯ ಮೇಲೆ ಸುಳ್ಳು ಬರೆದವರು ಎಲ್‌ಇಡಿಯನ್ನು ತಂಪಾಗಿಡುವ ಒಳಗಿನ ಫ್ಯಾನನ್ನು ಪ್ರಾಮಾಣಿಕವಾಗಿ ಮಾಡಿರುತ್ತಾರೆ ಎಂದು ನಾನು ನಂಬುವುದಿಲ್ಲ.

ಬೆಳಕು ಎಲ್ಲಿ ಬೀಳಬೇಕು ಎಂಬುದಕ್ಕೆ ಒಂದು ಲೆಕ್ಕ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 36 ಮೀಟರ್ ಬೇಕು. ಒಟ್ಟು ಎಪ್ಪತ್ತು ಮೀಟರ್ ಹತ್ತಿರವಾಯಿತು. ಮಂಡ್ಯದ ಕಡೆ ಹಿಂದೀಪವೂ ಇಲ್ಲದೆ, ಪ್ರತಿಫಲಕದ ಪಟ್ಟಿಯೂ ಇಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಆ ದೂರದಲ್ಲಿ ಕಾಣಬೇಕು. ಬಾನೆಟ್ ಮುಂದಿನ ಹತ್ತು ಮೀಟರ್ ರಸ್ತೆ ಹಾಲು ಚೆಲ್ಲಿದಂತೆ ಬೆಳಗಿದರೆ ‘ಎಂಥಾ ಬೆಳಕು!’ ಎನಿಸುತ್ತದೆ ನಿಜ. ಆದರೆ ಆ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗಿ ದೂರದ ಕತ್ತಲು ಇನ್ನಷ್ಟು ಗಟ್ಟಿಯಾಗುತ್ತದೆ. ಬಣ್ಣದ ದೀಪಗಳ ಹೆಚ್ಚಿನ ಮೋಸ ನಡೆಯುವುದು ಈ ಹತ್ತು ಮೀಟರ್‌ನಲ್ಲೇ.

ಕೊಳ್ಳುವ ಮೊದಲು ಇರುವುದನ್ನು ನೋಡಿ

ಐದಾರು ವರ್ಷ ಬಿಸಿಲುಂಡ ಕಾರಿನ ಹೆಡ್‌ಲೈಟ್ ಹೊರಗವಚ ಹಳದಿಗಟ್ಟಿ ಮಸುಕಾಗಿರುತ್ತದೆ. ಅದು ಪಾಲಿಕಾರ್ಬೊನೇಟ್, ಮೇಲಿನ ರಕ್ಷಣಾ ಪದರ ಸವೆದ ಮೇಲೆ ಬಿಸಿಲು ಅದನ್ನು ಮಂಕು ಮಾಡುತ್ತದೆ. ಅದರ ಹಿಂದೆ ಎಂಥ ಬಲ್ಬ್ ಹಾಕಿದರೂ ಬೆಳಕು ಚದುರಿಹೋಗುತ್ತದೆ. ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಿ, ಮೇಲೆ ಹೊಸ ಯುವಿ ಲೇಪ ಕೊಡಿಸಿ. ಎರಡನೆಯದು ವೈರಿಂಗ್. ಹಳೆಯ ಕಾರುಗಳಲ್ಲಿ ಬ್ಯಾಟರಿಯಿಂದ ಬಲ್ಬ್‌ಗೆ ಬರುವ ಹಾದಿಯಲ್ಲೇ ವೋಲ್ಟೇಜ್ ಸೋರುತ್ತದೆ. ಹ್ಯಾಲೊಜನ್‌ಗೆ ವೋಲ್ಟೇಜ್ ತುಸು ಇಳಿದರೂ ಬೆಳಕು ಬಹಳ ಇಳಿಯುತ್ತದೆ, ಬಣ್ಣವೂ ಕೆಂಪಾಗುತ್ತದೆ. ಬ್ಯಾಟರಿಯಿಂದ ನೇರವಾಗಿ ಬಲ್ಬ್‌ಗೆ ವಿದ್ಯುತ್ ಹರಿಸುವ ಸ್ವಿಚ್, ಅಂದರೆ ಒಳ್ಳೆಯ ರಿಲೇ, ಇರುವ ವೈರಿಂಗ್ ಕಿಟ್ ಹಾಕಿಸಿ, ಹಳೆಯ ಕಂಪನಿ ಬಲ್ಬ್ ತೆಗೆದು ಅದೇ ವ್ಯಾಟ್‌ನ ಹೊಸ ಜೋಡಿ ಹಾಕಿದರೆ ‘ಬಣ್ಣ ಬದಲಿಸಬೇಕು’ ಎಂದು ಬಂದವರಲ್ಲಿ ಅನೇಕರ ಆಸೆ ಅಲ್ಲಿಗೇ ತೀರುತ್ತದೆ. ಬಲ್ಬ್ ಯಾವತ್ತೂ ಜೋಡಿಯಾಗಿಯೇ ಬದಲಾಗಬೇಕು.

ನೀಲಿ ಲೇಪದ ಹ್ಯಾಲೊಜನ್

ಅಗ್ಗ, ಹಾಕುವುದು ಸುಲಭ, ವೈರ್ ಕತ್ತರಿಸಬೇಕಿಲ್ಲ. ಗಾಜಿನ ಮೇಲೆ ನೀಲಿ ಲೇಪ ಬಳಿದಿರುತ್ತಾರೆ. ಅದು ಬಲ್ಬ್ ಒಳಗೆ ಉರಿಯುವ ತಂತಿಯ ಬೆಳಕಿನಲ್ಲಿರುವ ಹಳದಿ ಕೆಂಪು ಭಾಗವನ್ನು ತಡೆದು ಉಳಿದದ್ದನ್ನು ಬಿಡುತ್ತದೆ. ತಡೆದದ್ದು ನಿಮ್ಮದೇ ಬೆಳಕು. ಆ ನಷ್ಟ ತುಂಬಲು ತಂತಿಯನ್ನು ಹೆಚ್ಚು ಬಿಸಿಯಾಗಿ ಉರಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ. ಹೆಸರಾಂತ ಕಂಪನಿಗಳ ತೆಳು ಲೇಪದ, ನಾಲ್ಕು ಸಾವಿರ ಕೆಲ್ವಿನ್ ಸುತ್ತಲಿನ ಬಲ್ಬ್‌ಗಳು ಪರವಾಗಿಲ್ಲ. ತಂತಿ ತನ್ನ ಜಾಗದಲ್ಲೇ ಇರುವುದರಿಂದ ಬೆಳಕಿನ ಆಕಾರ ಕೆಡುವುದಿಲ್ಲ, ಊರೊಳಗಿನ ಓಡಾಟಕ್ಕೆ ನಡೆಯುತ್ತದೆ. ಗಾಢ ನೀಲಿಯವನ್ನು ನಾನು ಯಾರಿಗೂ ಹೇಳಲಾರೆ. ಮಳೆಗಾಲದ ರಾತ್ರಿ ಒದ್ದೆ ಡಾಂಬರಿನ ಮೇಲೆ ಆ ಬೆಳಕು ಬಿತ್ತೋ ಇಲ್ಲವೋ ತಿಳಿಯುವುದಿಲ್ಲ.

ಇವುಗಳ ಪಕ್ಕದಲ್ಲೇ 100/90 ವ್ಯಾಟ್‌ನ ಬಲ್ಬ್‌ಗಳೂ ಸಿಗುತ್ತವೆ. 60 ವ್ಯಾಟ್ ಬಲ್ಬ್ ಐದು ಆಂಪಿಯರ್ ಎಳೆದರೆ ಇದು ಎಂಟಕ್ಕಿಂತ ಹೆಚ್ಚು ಎಳೆಯುತ್ತದೆ. ಕಾರಿನ ಮೂಲ ವೈರಿಂಗ್‌ಗೆ ನೇರವಾಗಿ ಹಾಕಿದರೆ ಹೋಲ್ಡರ್ ಕರಗುತ್ತದೆ, ಬಲ್ಬ್ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರ್‌ನ ಹೊಳೆಯುವ ಲೇಪ ಕಾಲಕ್ರಮೇಣ ಸುಟ್ಟು ಮಂಕಾಗುತ್ತದೆ. ರಿಲೇ ಹಾಕಿದರೆ ವೈರ್ ಉಳಿಯಬಹುದು, ಎದುರು ಬರುವವರ ಕಣ್ಣಿಗೆ ಆಗುವ ತೊಂದರೆ ಉಳಿದೇ ಇರುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ರಸ್ತೆ ಬಳಕೆಗಲ್ಲ ಎಂಬ ಸಣ್ಣ ಅಕ್ಷರ ಇದೆಯೇ ನೋಡಿ.

ಹಳದಿ

ಘಟ್ಟದ ಕಡೆಯವರು ಹಳದಿ ದೀಪವನ್ನು ಬಿಟ್ಟುಕೊಡುವುದಿಲ್ಲ. ಆಗುಂಬೆ, ಚಾರ್ಮಾಡಿ, ಸಂಪಾಜೆ ದಾರಿಯಲ್ಲಿ ಜುಲೈ ತಿಂಗಳ ರಾತ್ರಿ ಓಡಿಸಿದವರು ಬಿಳಿ ದೀಪ ಮಂಜಿನಲ್ಲಿ ಬಿಳಿ ಗೋಡೆಯಾಗಿ ನಿಲ್ಲುವುದನ್ನು ಕಂಡಿರುತ್ತಾರೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಮಾತ್ರ ಪೂರ್ತಿ ಸರಿಯಲ್ಲ. ಮಂಜಿನ ಹನಿ ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು; ಅದು ನೀಲಿಯನ್ನೂ ಹಳದಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಹಳದಿಯಿಂದ ಸಿಗುವ ಲಾಭ ಇರುವುದು ಕಣ್ಣಿನಲ್ಲಿ. ನೀಲಿ ಅಂಶ ಹೆಚ್ಚಿದ್ದಷ್ಟೂ ಬೆಳಕು ಕಣ್ಣನ್ನು ಹೆಚ್ಚು ಚುಚ್ಚುತ್ತದೆ. ಅದನ್ನು ತೆಗೆದುಹಾಕಿದರೆ ಮಂಜಿನಿಂದ ವಾಪಸು ಬರುವ ಹೊಳಪು ಸಹ್ಯವಾಗುತ್ತದೆ, ಕಣ್ಣು ಬೇಗ ದಣಿಯುವುದಿಲ್ಲ. ಎರಡು ಗಂಟೆ ಘಟ್ಟ ಇಳಿಯುವವರಿಗೆ ಇದು ಸಣ್ಣ ಲಾಭವಲ್ಲ. ಫ್ರಾನ್ಸ್‌ನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಕಾರುಗಳ ಹೆಡ್‌ಲೈಟ್ ಹಳದಿಯೇ ಆಗಿರಬೇಕಿತ್ತು. ಯುರೋಪಿನ ನಿಯಮಗಳು ಒಂದಾದಾಗ ಆ ಕಡ್ಡಾಯ ಹೋಯಿತು.

ಆದರೆ ಮಂಜಿನಲ್ಲಿ ಬಣ್ಣಕ್ಕಿಂತ ದೊಡ್ಡ ಕೆಲಸ ಮಾಡುವುದು ದೀಪದ ಎತ್ತರ ಮತ್ತು ಆಕಾರ. ಬಂಪರ್‌ನಲ್ಲಿ ಕೆಳಗೆ ಕೂತು, ಅಗಲವಾಗಿ, ಮೇಲಂಚು ಕತ್ತರಿಸಿದಂತೆ ಬೆಳಗುವ ಫಾಗ್ ಲ್ಯಾಂಪ್ ನಿಮ್ಮ ಕಣ್ಣಿನ ನೇರಕ್ಕಿರುವ ಮಂಜನ್ನು ಬೆಳಗಿಸುವುದೇ ಇಲ್ಲ. ಟಾರಿನ ಅಂಚು, ಬಿಳಿ ಗೆರೆ, ಚರಂಡಿಯ ಕಲ್ಲು ಕಾಣುತ್ತವೆ. ಆದ್ದರಿಂದ ಬಣ್ಣದ ಆಸೆಯೂ ತೀರಬೇಕು, ಉಪಯೋಗವೂ ಆಗಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ: ಹೆಡ್‌ಲೈಟ್ ಹಾಗೇ ಇರಲಿ, ಫಾಗ್ ಲ್ಯಾಂಪ್‌ಗೆ 3000 ಕೆಲ್ವಿನ್ ಸುತ್ತಲಿನ ಹಳದಿ ಬಲ್ಬ್ ಹಾಕಿಸಿ. ಫಾಗ್ ಲ್ಯಾಂಪ್ ಬಿಳಿ ಅಥವಾ ಹಳದಿ ಇರಬಹುದೆಂದು ವಾಹನ ಮಾನದಂಡಗಳೇ ಒಪ್ಪುತ್ತವೆ. ಬಲ್ಬ್‌ಗೂ ಖರ್ಚು ಬೇಡವೆಂದರೆ ಫಾಗ್ ಲ್ಯಾಂಪ್ ಗಾಜಿಗೆ ಹಳದಿ ಫಿಲ್ಮ್ ಅಂಟಿಸಬಹುದು. ಬೆಳಕು ತುಸು ಕಡಿಮೆಯಾಗುತ್ತದೆ, ಬೇಡವೆನಿಸಿದ ದಿನ ಕಿತ್ತುಹಾಕಬಹುದು. ಮಂಜು ಇಲ್ಲದ ಊರಿನಲ್ಲಿ ಫಾಗ್ ಲ್ಯಾಂಪ್ ಆಫ್ ಆಗಿಯೇ ಇರಲಿ.

ಎಲ್‌ಇಡಿ: ಎಲ್ಲರೂ ಕೇಳುವುದು ಇದನ್ನೇ

ಹ್ಯಾಲೊಜನ್ ರಿಫ್ಲೆಕ್ಟರನ್ನು ರೂಪಿಸಿರುವುದು ಒಂದು ನಿರ್ದಿಷ್ಟ ಜಾಗದಲ್ಲಿರುವ ಐದಾರು ಮಿಲಿಮೀಟರ್ ಉದ್ದದ ತಂತಿಗಾಗಿ. ತಂತಿ ಸುತ್ತಲೂ ಬೆಳಕು ಬೀರುತ್ತದೆ. ಎಲ್‌ಇಡಿ ಬಲ್ಬ್‌ನಲ್ಲಿ ಚಪ್ಪಟೆ ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಪಟ್ಟಿ ದಪ್ಪವಾಗಿದ್ದರೆ, ಚಿಪ್ ಒಂದೆರಡು ಮಿಲಿಮೀಟರ್ ಹಿಂದುಮುಂದಾದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲಿ ಎದುರಿನವರ ಮುಖಕ್ಕೆ ಹೋಗುತ್ತದೆ. ಕಾರಿನೊಳಗೆ ಕೂತವರಿಗೆ ಇದು ತಿಳಿಯುವುದೇ ಇಲ್ಲ. ತಿಳಿಯುವುದು ಎದುರಿನ ಬೈಕಿನವನಿಗೆ. ಅವನಿಗೆ ವಿಂಡ್‌ಶೀಲ್ಡ್ ಇಲ್ಲ, ಗೀರು ಬಿದ್ದ ಹೆಲ್ಮೆಟ್ ಗಾಜು ಇದೆ, ಹಿಂದೆ ಹೆಂಡತಿ ಮಗು ಕೂತಿರುತ್ತಾರೆ. ಕಣ್ಣು ಮತ್ತೆ ಹೊಂದಿಕೊಳ್ಳುವ ಆ ಕೆಲವು ಸೆಕೆಂಡ್ ಅವನು ಕುರುಡನಾಗಿಯೇ ಓಡಿಸುತ್ತಾನೆ. ವಯಸ್ಸಾದವರಿಗೆ ಆ ಹೊತ್ತು ಇನ್ನೂ ಉದ್ದ. ಎಲ್‌ಇಡಿ ಆರಿಸುವಾಗ ನಾನು ಇಷ್ಟು ಕಟ್ಟುನಿಟ್ಟು ಮಾಡುವುದು ಅವನಿಗಾಗಿ.

ಜರ್ಮನಿಯಲ್ಲಿ 2020ರಲ್ಲಿ ಓಸ್ರಾಮ್ ಕಂಪನಿಯ ಎಚ್7 ಎಲ್‌ಇಡಿ ಬಲ್ಬ್‌ಗೆ ಅಲ್ಲಿನ ರಸ್ತೆಗಳಲ್ಲಿ ಬಳಸಲು ಅನುಮತಿ ಸಿಕ್ಕಿತು. ಸಿಕ್ಕಿದ್ದು ಎಲ್ಲ ಕಾರಿಗಲ್ಲ, ಪರೀಕ್ಷೆಯಾದ ನಿರ್ದಿಷ್ಟ ಮಾದರಿಗಳಿಗೆ ಮಾತ್ರ. ಅದೇ ಬಲ್ಬ್ ಒಂದು ಕಾರಿನ ರಿಫ್ಲೆಕ್ಟರ್‌ನಲ್ಲಿ ಸರಿಯಾಗಿ ಕೂತು ಇನ್ನೊಂದರಲ್ಲಿ ಚೆಲ್ಲಬಹುದು ಎಂಬುದೇ ಕಾರಣ. ಆದ್ದರಿಂದ ‘ಎಲ್ಲ ಕಾರಿಗೂ ಆಗುತ್ತದೆ’ ಎನ್ನುವ ಮಾರಾಟಗಾರರ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮದೇ ಮಾದರಿಯ ಕಾರಿನಲ್ಲಿ ಹಾಕಿಸಿಕೊಂಡವರ ಲೋ ಬೀಮ್ ಗೋಡೆಯ ಮೇಲೆ ಹೇಗೆ ಬೀಳುತ್ತದೆ ಎಂದು ನೋಡಿ. ಮೇಲಂಚು ಗೆರೆ ಎಳೆದಂತೆ ಇರಬೇಕು.

ಎಲ್‌ಇಡಿಗಳಲ್ಲೇ ಹೋಲಿಸುವಾಗ ನಾನು ಹೇಳುವುದು: ತೆಳ್ಳಗಿನ ಪಟ್ಟಿ, ಹ್ಯಾಲೊಜನ್ ತಂತಿಯಷ್ಟೇ ಚಿಕ್ಕ ಚಿಪ್, ತಿರುಗಿಸಿ ಹೊಂದಿಸಬಹುದಾದ ಕಾಲರ್ (ಬಲ್ಬನ್ನು ಹೋಲ್ಡರ್‌ನಲ್ಲಿ ಕೂರಿಸುವ ಬಳೆ) ಇರುವುದನ್ನು ಆರಿಸಿ. ಬಣ್ಣ 4300ರಿಂದ 5000ದೊಳಗೆ ಇರಲಿ. 6000 ಕೆಲ್ವಿನ್ ಎಲ್‌ಇಡಿ ಒಣ ರಾತ್ರಿಯಲ್ಲಿ ಹೊಸ ಕಾರಿನಂತೆ ಕಾಣಿಸುತ್ತದೆ, ಮಳೆಯಲ್ಲಿ ನಿರಾಶೆ ಮಾಡುತ್ತದೆ. ಮೂರು ಬಣ್ಣ ಬದಲಿಸುವ ಬಲ್ಬ್‌ಗಳು ಕೇಳಲು ಆಕರ್ಷಕ: ಊರಿಗೆ ಬಿಳಿ, ಘಟ್ಟಕ್ಕೆ ಹಳದಿ. ಆದರೆ ಒಂದೇ ಪಟ್ಟಿಯ ಮೇಲೆ ಬೇರೆ ಬೇರೆ ಬಣ್ಣದ ಚಿಪ್‌ಗಳನ್ನು ಪಕ್ಕಪಕ್ಕ ಕೂರಿಸಬೇಕಾಗಿರುವುದರಿಂದ ಯಾವುದೂ ತಂತಿ ಇರಬೇಕಾದ ಆ ನಿರ್ದಿಷ್ಟ ಜಾಗದಲ್ಲಿ ಸರಿಯಾಗಿ ಇರುವುದಿಲ್ಲ. ಹೆಡ್‌ಲೈಟ್‌ಗೆ ಬೇಡ. ಫಾಗ್ ಲ್ಯಾಂಪ್‌ಗೆ ಹಾಕಿದರೆ ಅಪಾಯ ಕಡಿಮೆ.

ಇನ್ನು ಹಾಕಿದ ಮೇಲೆ ಕಾಡುವ ತೊಂದರೆಗಳು. ಹಿಂಬದಿಯ ಫ್ಯಾನ್ ಉದ್ದವಾಗಿರುವುದರಿಂದ ಹೆಡ್‌ಲೈಟ್‌ನ ರಬ್ಬರ್ ಮುಚ್ಚಳ ಕೂರುವುದಿಲ್ಲ. ಮೆಕ್ಯಾನಿಕ್ ಅದನ್ನು ಕತ್ತರಿಸಿ ಬಿಡುತ್ತಾನೆ, ಮಳೆಗಾಲಕ್ಕೆ ಒಳಗೆ ನೀರು, ಧೂಳು ಸೇರುತ್ತವೆ. ಹ್ಯಾಲೊಜನ್‌ನಂತೆ ಮುಂದಕ್ಕೆ ಶಾಖ ಬರುವುದಿಲ್ಲವಾದ್ದರಿಂದ ಕಟ್ಟಿದ ತೇವ ಬೇಗ ಆರುವುದಿಲ್ಲ. ಅಗ್ಗದ ಡ್ರೈವರ್ (ಎಲ್‌ಇಡಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಸರ್ಕ್ಯೂಟ್) ಇರುವ ಬಲ್ಬ್ ಹಚ್ಚಿದೊಡನೆ ಎಫ್‌ಎಂ ರೇಡಿಯೊ ಗೊರಗುಟ್ಟುತ್ತದೆ. ಕೆಲವು ಕಾರುಗಳ ಕಂಪ್ಯೂಟರ್ ಬಲ್ಬ್ ಸುಟ್ಟಿದೆ ಎಂದು ಸೂಚನೆ ತೋರಿಸುತ್ತದೆ.

ಝೆನಾನ್ ಕಿಟ್

ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಇದನ್ನು ಹಾಕಿಸಿಕೊಳ್ಳಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 35 ವ್ಯಾಟ್‌ನ ಝೆನಾನ್ ಸುಮಾರು 3200 ಲ್ಯೂಮೆನ್ ಕೊಡುತ್ತದೆ, ಎಚ್4 ಲೋ ಬೀಮ್‌ನ ಮೂರು ಪಟ್ಟು. ಅಷ್ಟು ಬೆಳಕಿರುವ ಕಾರುಗಳಿಗೆ ಯುರೋಪಿನಲ್ಲಿ ತಾನಾಗಿಯೇ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆಯೂ ದೀಪ ತೊಳೆಯುವ ನೀರಿನ ನಳಿಕೆಯೂ ಕಡ್ಡಾಯ. ಇವೆರಡೂ ಇಲ್ಲದ ರಿಫ್ಲೆಕ್ಟರ್‌ಗೆ ಅದೇ ಬೆಳಕು ತುಂಬಿದರೆ ಏನಾಗುತ್ತದೆ ಎಂಬುದನ್ನು ಯಾವುದೇ ರಾಜ್ಯ ಹೆದ್ದಾರಿಯಲ್ಲಿ ರಾತ್ರಿ ನೋಡಬಹುದು. ಹಚ್ಚಿದ ಕೂಡಲೇ ಪೂರ್ತಿ ಬೆಳಕು ಬರುವುದಿಲ್ಲ, ಕೆಲವು ಸೆಕೆಂಡ್ ಹಿಡಿಯುತ್ತದೆ. ಹಚ್ಚಿಕೊಳ್ಳಲು ಇಪ್ಪತ್ತು ಸಾವಿರ ವೋಲ್ಟ್‌ನಷ್ಟು ಹೊಡೆತ ಕೊಡುವ ಸಾಧನ ಬಾನೆಟ್ ಒಳಗೆ ಮಳೆ ನೀರಿನ ನಡುವೆ ಇರುತ್ತದೆ.

ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮ ಇಲ್ಲಿ ಮುಖ್ಯ. ದೀಪದಿಂದ 8 ಮೀಟರ್ ಮುಂದೆ, ದೀಪದ ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವರಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು. 108ನೆಯ ನಿಯಮ ಮುಂಭಾಗಕ್ಕೆ ಕೆಂಪು ದೀಪ ತೋರಿಸುವುದನ್ನು ತಡೆಯುತ್ತದೆ. ಹೆಡ್‌ಲೈಟ್ ಒಳಗೆ ಕೆಂಪಾಗಿ ಉರಿಯುವ ‘ಡೆವಿಲ್ ಐ’ ಹಾಕಿಸುವವರು ಇದನ್ನು ತಿಳಿದಿರಲಿ. ಮಿನುಗುವ ನೀಲಿ, ಕೆಂಪು ದೀಪಗಳನ್ನು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ವಾಹನಗಳಂಥ ತುರ್ತು ಸೇವೆಗೆ ಮೀಸಲಿಟ್ಟಿದ್ದಾರೆ. ಅದಕ್ಕೆ ಸಕಾರಣವಿದೆ: ದೂರದಿಂದ ಆ ಬಣ್ಣ ಕಂಡರೆ ಜನ ದಾರಿ ಬಿಡಬೇಕು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕರ್ನಾಟಕದಲ್ಲಿ 2024ರ ಜುಲೈಯಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು. ವಿಮೆಯ ವಿಷಯವೂ ಇದೆ: ಬದಲಾವಣೆಯನ್ನು ಕಂಪನಿಗೆ ತಿಳಿಸದೆ ಇದ್ದರೆ ಅಪಘಾತದ ನಂತರ ಕ್ಲೇಮಿಗೆ ತಕರಾರು ಬರಬಹುದು. ವೈರ್ ಕತ್ತರಿಸಿ ಜೋಡಿಸಿದ ಕಾರಿಗೆ ವಿದ್ಯುತ್ ಭಾಗದ ವಾರಂಟಿ ಕೊಡಲು ಕಂಪನಿಗಳು ನಿರಾಕರಿಸುತ್ತವೆ.

ಯಾರಿಗೆ ಯಾವುದು

ಊರೊಳಗೆ ಮಾತ್ರ ಓಡಿಸುವವರು ಹೊರಗವಚ ಪಾಲಿಶ್ ಮಾಡಿಸಿ ಹೊಸ 60/55 ಹ್ಯಾಲೊಜನ್ ಜೋಡಿ ಹಾಕಿಕೊಳ್ಳಲಿ. ಬಿಳಿ ಬೇಕೇ ಬೇಕು ಎಂದರೆ ನಾಲ್ಕು ಸಾವಿರ ಕೆಲ್ವಿನ್‌ನ ತೆಳು ಲೇಪದ್ದು. ಮಲೆನಾಡು, ಕೊಡಗು, ಕರಾವಳಿಯ ನಡುವೆ ಓಡಾಡುವವರಿಗೆ ಹ್ಯಾಲೊಜನ್ ಹೆಡ್‌ಲೈಟ್, ರಿಲೇ ಕಿಟ್, ಹಳದಿ ಫಾಗ್ ಲ್ಯಾಂಪ್: ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ ಎಂದೇ ನನ್ನ ನಂಬಿಕೆ. ರಾತ್ರಿ ಹೊತ್ತು ಹುಬ್ಬಳ್ಳಿ, ಬೆಂಗಳೂರು ಎಂದು ಹೆದ್ದಾರಿಯಲ್ಲೇ ಇರುವವರು ಹೆಚ್ಚು ಬೆಳಕು ಕೊಡುವ, ಲೇಪವಿಲ್ಲದ ಒಳ್ಳೆಯ ಹ್ಯಾಲೊಜನ್‌ಗೆ ಹಣ ಹಾಕಲಿ. ಅದರ ಆಯುಷ್ಯ ಕಡಿಮೆ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಅಥವಾ ಅದೇ ಮಾದರಿಯ ಮೇಲ್ದರ್ಜೆಯ ಕಾರಿಗೆ ಕಂಪನಿಯೇ ಕೊಟ್ಟ, ಮುಂದೆ ಮಸೂರವಿರುವ ಪ್ರೊಜೆಕ್ಟರ್ ಹೆಡ್‌ಲೈಟ್ ಪೂರ್ತಿಯಾಗಿ ಸಿಗುತ್ತದೆಯೇ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಲಿ. ದುಬಾರಿ, ಆದರೆ ದೀಪ, ಮಸೂರ, ಕವಚ ಎಲ್ಲ ಒಂದಕ್ಕೊಂದು ಹೊಂದುವಂತೆ ಮಾಡಿದ್ದು ಅದೊಂದೇ. ಹೊರದೇಶದಿಂದ ತರಿಸುವವರು ಒಂದು ಎಚ್ಚರ ವಹಿಸಬೇಕು: ಅಮೆರಿಕ, ಯುರೋಪಿನ ಬಹುಭಾಗ, ಚೀನಾದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಅಲ್ಲಿಯ ಹೆಡ್‌ಲೈಟ್ ಬಲಬದಿಗೆ ಬೆಳಕು ಎತ್ತುತ್ತದೆ, ನಮ್ಮಲ್ಲಿ ಅದು ನೇರ ಎದುರಿನವರ ಕಣ್ಣಿಗೆ.

ಹಾಕಿಸುವ ದಿನ

ಹಳೆಯ ಬಲ್ಬ್ ತೆಗೆಯುವ ಮೊದಲೇ ಕಾರನ್ನು ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡ್ಯಾಶ್‌ಬೋರ್ಡ್‌ನ ಎತ್ತರ ಹೊಂದಿಸುವ ಗುಂಡಿಯನ್ನು ಸೊನ್ನೆಗೆ ಇಟ್ಟು, ಲೋ ಬೀಮ್‌ನ ಮೇಲಂಚಿಗೆ ಟೇಪ್ ಅಂಟಿಸಿ. ಆ ದೂರದಲ್ಲಿ ಅಂಚು ದೀಪದ ಮಧ್ಯಭಾಗಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಹೊಸದು ಹಾಕಿದ ಮೇಲೆ ಅಂಚು ಅದೇ ಟೇಪಿನ ಮೇಲೆ ಬೀಳದಿದ್ದರೆ ಹೆಡ್‌ಲೈಟ್ ಹಿಂದಿನ ತಿರುಪು ತಿರುಗಿಸಿ ಸರಿಪಡಿಸಿ. ಅಂಚೇ ಕಾಣದಷ್ಟು ಬೆಳಕು ಚೆಲ್ಲಿದ್ದರೆ ಆ ಬಲ್ಬ್ ನಿಮ್ಮ ಕಾರಿನದಲ್ಲ, ಅಂಗಡಿಗೆ ವಾಪಸು ಕೊಡಿ. ಹ್ಯಾಲೊಜನ್ ಗಾಜನ್ನು ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ವೈರ್ ಕತ್ತರಿಸದೆ ಕಪ್ಲರ್‌ನಿಂದಲೇ ಜೋಡಿಸಲು ಹೇಳಿ. ಹಿಂದಿನ ಸೀಟು ತುಂಬಿ, ಡಿಕ್ಕಿಯಲ್ಲಿ ಸಾಮಾನು ಹೇರಿದ ದಿನ ಕಾರಿನ ಮೂತಿ ಮೇಲೇಳುತ್ತದೆ. ಅಂದು ಆ ಗುಂಡಿಯನ್ನು ಎರಡಕ್ಕೋ ಮೂರಕ್ಕೋ ತಿರುಗಿಸಬೇಕು. ತೆಗೆದ ಹಳೆಯ ಬಲ್ಬ್ ಚೆನ್ನಾಗಿದ್ದರೆ ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲೇ ಇಟ್ಟುಕೊಳ್ಳಿ, ದಾರಿಯಲ್ಲಿ ಹೊಸದು ಕೈಕೊಟ್ಟರೆ ಅದೇ ಬೇಕಾಗುತ್ತದೆ.